ಮ್ಯಾಗ್ನೆಟಿಕ್ ಮೊಮೆಂಟ್ ಲೆಕ್ಕ: ಮೊದಲು ಡಿ ಎಲೆಕ್ಟ್ರಾನ್ ಎಣಿಸಿ, ಸೂತ್ರ ಆಮೇಲೆ

ಸೆಕೆಂಡ್ ಪಿಯುಸಿ ಪರೀಕ್ಷೆ, ಸಿಇಟಿ, ಬಿ.ಎಸ್ಸಿ. ಲ್ಯಾಬ್, ಎಲ್ಲೇ ಆಗಲಿ ಮ್ಯಾಗ್ನೆಟಿಕ್ ಮೊಮೆಂಟ್ (ಲೋಹದ ಸಂಯುಕ್ತದ ಕಾಂತಗುಣದ ಅಳತೆ) ಲೆಕ್ಕ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಸೂತ್ರಕ್ಕೆ ನೇರವಾಗಿ ಕೈ ಹಾಕುತ್ತಾರೆ. ಎಷ್ಟು ಒಂಟಿ (ಜೋಡಿ ಇಲ್ಲದ) ಎಲೆಕ್ಟ್ರಾನ್ ಇರಲು ಸಾಧ್ಯ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎಣಿಕೆ ಸುಲಭ. ಆವರ್ತ ಕೋಷ್ಟಕದಲ್ಲಿ ಲೋಹದ ಗುಂಪಿನ ಸಂಖ್ಯೆಯಿಂದ ಉತ್ಕರ್ಷಣ ಸಂಖ್ಯೆ ಕಳೆಯಿರಿ, ಉಳಿದದ್ದೇ ಡಿ ಎಲೆಕ್ಟ್ರಾನ್‌ಗಳ ಎಣಿಕೆ. ಕಬ್ಬಿಣ 8ನೇ ಗುಂಪು. ಫೆರಿಸಯನೈಡಿನಲ್ಲಿ ಅದು +3, ಹಾಗಾಗಿ ಡಿ5. ಫೆರೋಸಯನೈಡಿನಲ್ಲಿ +2, ಡಿ6. ಕ್ರೋಮಿಯಂ 6ನೇ ಗುಂಪು, +3 ಆದರೆ ಡಿ3. ನಿಕ್ಕಲ್ ಟೆಟ್ರಾಕಾರ್ಬೊನಿಲ್‌ನಲ್ಲಿ ನಿಕ್ಕಲ್ ಸೊನ್ನೆ, 10ರಿಂದ ಏನೂ ಕಳೆಯುವಂತಿಲ್ಲ, ಡಿ10. ಅಯಾನು ಆಗುವಾಗ 4ಎಸ್ ಎಲೆಕ್ಟ್ರಾನ್‌ಗಳು ಮೊದಲು ಹೋಗುತ್ತವೆ ಎಂಬ ನಿಯಮ ಈ ಕಳೆಯುವಿಕೆಯಲ್ಲೇ ಅಡಗಿದೆ. ಕ್ರೋಮಿಯಂ, ತಾಮ್ರಗಳ ವಿಚಿತ್ರ ವಿನ್ಯಾಸಕ್ಕೂ ಇಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮುಂದೆ ಆಕಾರ. ಆಕ್ಟಾಹೆಡ್ರಲ್ (ಲೋಹದ ಸುತ್ತ ಆರು ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟಿಕೊಂಡ ಅಣು ಅಥವಾ ಅಯಾನು) ಆದರೆ ಡಿ1, ಡಿ2, ಡಿ3 ಮತ್ತು ಡಿ8, ಡಿ9, ಡಿ10ಗೆ ಲಿಗ್ಯಾಂಡ್ ಯಾವುದಾದರೂ ಒಂದೇ ಉತ್ತರ: ಕ್ರಮವಾಗಿ 1, 2, 3 ಮತ್ತು 2, 1, 0. ಹೈ ಸ್ಪಿನ್ (ಎಲೆಕ್ಟ್ರಾನ್‌ಗಳು ಆದಷ್ಟು ಒಂಟಿ), ಲೋ ಸ್ಪಿನ್ (ಆದಷ್ಟು ಜೋಡಿ) ಎಂಬ ತಕರಾರು ನಡುವಿನ ನಾಲ್ಕಕ್ಕೆ ಮಾತ್ರ. ಡಿ4ಗೆ 4 ಅಥವಾ 2, ಡಿ5ಗೆ 5 ಅಥವಾ 1, ಡಿ6ಗೆ 4 ಅಥವಾ 0, ಡಿ7ಗೆ 3 ಅಥವಾ 1. ಗಮನಿಸಿ: ಡಿ ಎಣಿಕೆ ಸಮಸಂಖ್ಯೆ ಆದರೆ ಒಂಟಿ ಎಲೆಕ್ಟ್ರಾನ್‌ಗಳೂ ಸಮ, ಬೆಸ ಆದರೆ ಬೆಸ. ಈ ಒಂದು ತಾಳೆ ನೋಡಿದರೆ ಎಷ್ಟೋ ತಪ್ಪು ಉತ್ತರಗಳು ಅಲ್ಲೇ ಸಿಕ್ಕಿಬೀಳುತ್ತವೆ.

ದುರ್ಬಲ ಲಿಗ್ಯಾಂಡ್ ಆದರೆ ಹೈ ಸ್ಪಿನ್, ಪ್ರಬಲ ಆದರೆ ಲೋ ಸ್ಪಿನ್. ಫ್ಲೋರೈಡ್, ನೀರು ಸಾಮಾನ್ಯವಾಗಿ ದುರ್ಬಲ. ಸಯನೈಡ್, ಕಾರ್ಬನ್ ಮಾನಾಕ್ಸೈಡ್ ಪ್ರಬಲ. ಅಮೋನಿಯಾದ ವಿಷಯದಲ್ಲಿ ಮಾತ್ರ ಬಾಯಿಪಾಠ ಕೈಕೊಡುತ್ತದೆ. ಆರು ಅಮೋನಿಯಾ ಇರುವ ಕೋಬಾಲ್ಟ್ +3 ಡಯಾಮ್ಯಾಗ್ನೆಟಿಕ್, ಅಂದರೆ ಒಂಟಿ ಇಲ್ಲ, ಕಾಂತ ಅದನ್ನು ತುಸು ದೂರ ತಳ್ಳುತ್ತದೆ. ಅದೇ ಆರು ಅಮೋನಿಯಾ ಕೋಬಾಲ್ಟ್ +2 ಜೊತೆ ಇದ್ದರೆ ಹೈ ಸ್ಪಿನ್, ಮೂರು ಒಂಟಿ. ಲೋಹದ ಆವೇಶ ಹೆಚ್ಚಿದಂತೆ ಡಿ ಮಟ್ಟಗಳ ನಡುವಿನ ಅಂತರವೂ ಹೆಚ್ಚುತ್ತದೆ, ಎಲೆಕ್ಟ್ರಾನ್‌ಗಳು ಮೇಲೇರದೆ ಕೆಳಗೇ ಜೋಡಿಯಾಗುತ್ತವೆ, ಅದಕ್ಕೇ ಈ ವ್ಯತ್ಯಾಸ. ಇನ್ನು ನಾಲ್ಕು ಲಿಗ್ಯಾಂಡ್‌ಗಳ ನಿಕ್ಕಲ್ +2: ಕ್ಲೋರೈಡ್ ಜೊತೆ ಟೆಟ್ರಾಹೆಡ್ರಲ್ (ಚತುರ್ಮುಖಿ), ಎರಡು ಒಂಟಿ; ಸಯನೈಡ್ ಜೊತೆ ಸ್ಕ್ವೇರ್ ಪ್ಲೇನಾರ್ (ಚಪ್ಪಟೆ ಚೌಕ), ಸೊನ್ನೆ. ಲ್ಯಾಬಿನಲ್ಲಿ ಎಲ್ಲರೂ ನೋಡಿರುವ ಕೆಂಪು ನಿಕ್ಕಲ್-ಡಿಎಂಜಿ (ಡೈಮಿಥೈಲ್ ಗ್ಲೈಆಕ್ಸೈಮ್) ಕೂಡ ಸ್ಕ್ವೇರ್ ಪ್ಲೇನಾರ್, ಸೊನ್ನೆಯೇ.

ಈಗ ಸೂತ್ರ. ಒಂಟಿ ಎಲೆಕ್ಟ್ರಾನ್ ಸಂಖ್ಯೆಯನ್ನು ಅದಕ್ಕೆ 2 ಕೂಡಿಸಿದ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 1ರಿಂದ 5ರವರೆಗೆ 1.73, 2.83, 3.87, 4.90, 5.92 ಬೋರ್ ಮ್ಯಾಗ್ನೆಟಾನ್ (ಮೊಮೆಂಟ್ ಅಳೆಯುವ ಮಾನ). ದಶಾಂಶ ಬಿಂದುವಿನ ಹಿಂದಿನ ಅಂಕಿಯೇ ಒಂಟಿಗಳ ಸಂಖ್ಯೆ. ಕ್ಯಾಲ್ಕುಲೇಟರ್ ಇಲ್ಲದ ಸಿಇಟಿಗೆ ಇಷ್ಟು ಧಾರಾಳ ಸಾಕು. ಲ್ಯಾಬಿಗೆ ಸಾಲದು.

ಗೂಯ್ ಬ್ಯಾಲೆನ್ಸಿನಲ್ಲಿ (ಕಾಂತದ ಧ್ರುವಗಳ ನಡುವೆ ಸ್ಯಾಂಪಲ್ ತೂಗಿಹಾಕಿ ತೂಕದ ಬದಲಾವಣೆ ನೋಡುವ ತಕ್ಕಡಿ) ಮೋರ್ಸ್ ಸಾಲ್ಟ್, ಅಂದರೆ ಕಬ್ಬಿಣ +2 ಇರುವ ಫೆರಸ್ ಅಮೋನಿಯಂ ಸಲ್ಫೇಟ್, ಅಳೆಯುವುದನ್ನೇ ತೆಗೆದುಕೊಳ್ಳಿ. ಖಾಲಿ ಟ್ಯೂಬನ್ನು ಫೀಲ್ಡ್ ಇಲ್ಲದೆ ಒಮ್ಮೆ, ಫೀಲ್ಡ್ ಹಾಕಿ ಒಮ್ಮೆ ತೂಗಿ. ಗಾಜು ಡಯಾಮ್ಯಾಗ್ನೆಟಿಕ್, ಹಾಗಾಗಿ ತೂಕ ಸ್ವಲ್ಪ ಇಳಿಯುತ್ತದೆ. ಈ ಇಳಿಕೆಯನ್ನು ಮುಂದಿನ ಪ್ರತಿ ರೀಡಿಂಗ್‌ನಲ್ಲೂ ಸರಿದೂಗಿಸಬೇಕು. ಸ್ಯಾಂಪಲ್ ನುಣ್ಣಗೆ ಅರೆದು, ಚೂರುಚೂರೇ ಹಾಕಿ, ಡಬ್ಬಿಗೆ ರಾಗಿಹಿಟ್ಟು ತುಂಬುವಾಗ ತಟ್ಟಿ ತಟ್ಟಿ ಇಳಿಸುವ ಹಾಗೆ ಮರದ ಮೇಲೆ ತಟ್ಟುತ್ತಾ ಗುರುತಿನವರೆಗೆ ತುಂಬಿ. ನಡುವೆ ಗಾಳಿ ಉಳಿದರೆ ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ. ಟ್ಯೂಬಿನ ತಳ ಎರಡು ಧ್ರುವಗಳ ನಟ್ಟನಡುವೆ ಇರಲಿ, ಪುಡಿಯ ಮೇಲ್ತುದಿ ಫೀಲ್ಡಿನ ಹೊರಗಿರಲಿ. ಫ್ಯಾನ್ ಆರಿಸಿ. ಸ್ಟೀಲ್ ಸ್ಪಾಚುಲಾ ಬೇಡ, ಪ್ಲಾಸ್ಟಿಕ್ ಬಳಸಿ: ಕಬ್ಬಿಣದ ಒಂದು ಕಣ ಬಿದ್ದರೂ ರೀಡಿಂಗ್ ಹಾರುತ್ತದೆ. ಅನುಮಾನ ಬಂದರೆ ಎರಡು ಬೇರೆ ಫೀಲ್ಡುಗಳಲ್ಲಿ ಅಳೆಯಿರಿ. ಸಸೆಪ್ಟಿಬಿಲಿಟಿ (ಫೀಲ್ಡಿಗೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಬೆಲೆ) ಬದಲಾದರೆ ಕಬ್ಬಿಣ ಸೇರಿದೆ ಎಂದೇ ಅರ್ಥ.

ಇಷ್ಟನ್ನೂ ಸ್ಟ್ಯಾಂಡರ್ಡ್‌ನೊಂದಿಗೆ (ಸಸೆಪ್ಟಿಬಿಲಿಟಿ ಮೊದಲೇ ಗೊತ್ತಿರುವ, ಹೋಲಿಕೆಗೆ ಬಳಸುವ ವಸ್ತು), ಅದೇ ಟ್ಯೂಬಿನಲ್ಲಿ, ಅದೇ ಎತ್ತರಕ್ಕೆ ತುಂಬಿ ಮಾಡಬೇಕು. ವಾಡಿಕೆಯ ಸ್ಟ್ಯಾಂಡರ್ಡ್ ಮರ್ಕ್ಯುರಿ ಟೆಟ್ರಾಥಯೋಸಯನೇಟೊಕೋಬಾಲ್ಟೇಟ್, ಗಾಢ ನೀಲಿ ಪುಡಿ. ಪಾದರಸ ಇದೆ, ಕೈಗವಸು ಕಡ್ಡಾಯ, ಸಿಂಕಿಗೆ ತೊಳೆಯುವಂತಿಲ್ಲ. ಪುಸ್ತಕದಲ್ಲಿರುವ ಗ್ರಾಂಗೆ 16.44×10⁻⁶ ಸಿಜಿಎಸ್ ಎಂಬ ಬೆಲೆ 20 ಡಿಗ್ರಿ ಸೆಲ್ಸಿಯಸ್‌ಗೆ ಮಾತ್ರ. ಏಪ್ರಿಲ್‌ನಲ್ಲಿ ಬೆಂಗಳೂರಿನ ಲ್ಯಾಬುಗಳು 20ರಲ್ಲಿ ಇರುವುದಿಲ್ಲ. 30 ಡಿಗ್ರಿಗೆ ಆ ಬೆಲೆ ಸುಮಾರು 15.9ಕ್ಕೆ ಇಳಿಯುತ್ತದೆ. ಬ್ಯಾಲೆನ್ಸಿನ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಓದಿಕೊಳ್ಳಿ.

ಮೋರ್ಸ್ ಸಾಲ್ಟಿಗೆ 27 ಡಿಗ್ರಿಯಲ್ಲಿ ಸಸೆಪ್ಟಿಬಿಲಿಟಿ ಗ್ರಾಂಗೆ 30.0×10⁻⁶ ಬಂತು ಎನ್ನಿ. ಅಣುತೂಕ 392ರಿಂದ ಗುಣಿಸಿದರೆ 0.01176. ಅಯಾನುಗಳ, ನೀರಿನ ಡಯಾಮ್ಯಾಗ್ನೆಟಿಕ್ ಪಾಲು ಸುಮಾರು 0.0002, ಅದನ್ನು ಕೂಡಿಸಬೇಕು, ಕಳೆಯಬಾರದು: 0.01196. ಇದನ್ನು 300 ಕೆಲ್ವಿನ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, 2.828ರಿಂದ ಗುಣಿಸಿದರೆ 5.36. ಕೆಲ್ವಿನ್ ಮರೆತು 27 ಹಾಕಿದರೆ 1.6 ಬರುತ್ತದೆ. ‘ಒಂದು ಒಂಟಿ ಎಲೆಕ್ಟ್ರಾನ್’ ಎಂದು ರೆಕಾರ್ಡಿನಲ್ಲಿ ಬರೆದುಬಿಡುವವರು ಇದ್ದಾರೆ. ಡಿ6ಗೆ ಒಂದು ಹೇಗೆ ಬಂದೀತು?

ಸರಿಯಾದ 5.36 ಕೂಡ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದು 4.90 ಮತ್ತು 5.92ರ ನಡುವೆ ನಿಂತಿದೆ. ಡಿ6 ಆಕ್ಟಾಹೆಡ್ರಲ್‌ಗೆ ಇರುವುದು 4 ಅಥವಾ 0, ಆದ್ದರಿಂದ ಉತ್ತರ 4. ಹೆಚ್ಚುವರಿ ಬಂದದ್ದು ಎಲೆಕ್ಟ್ರಾನಿನ ಆರ್ಬಿಟಲ್ ಚಲನೆಯಿಂದ. ಸ್ಪಿನ್ ಒಂದನ್ನೇ ನೋಡುವ ಸೂತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಯಾಂಪಲ್ ತಿಳಿ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಬೇರೆ ಮಾತು. ಕಬ್ಬಿಣ ಭಾಗಶಃ +3ಕ್ಕೆ ಉತ್ಕರ್ಷಣಗೊಂಡಿದೆ, ಹೊಸದಾಗಿ ಹರಳುಗಟ್ಟಿಸಿ ಅಳೆಯಿರಿ.

ಫೆರಿಸಯನೈಡ್ ಸುಮಾರು 2.3 ತೋರಿಸುತ್ತದೆ, ಇರುವ ಆಯ್ಕೆ 5 ಅಥವಾ 1, ಆದ್ದರಿಂದ 1. ಆಕ್ಟಾಹೆಡ್ರಲ್ ಹೈ ಸ್ಪಿನ್ ಕೋಬಾಲ್ಟ್ +2 ಸಾಮಾನ್ಯವಾಗಿ 4.3ರಿಂದ 5.2ರವರೆಗೆ. ಬರೀ ಪಟ್ಟಿ ನೋಡುವವರು ಅದಕ್ಕೆ 4 ಎನ್ನುತ್ತಾರೆ, ಇರುವುದು 3.

ಲೆಕ್ಕಕ್ಕಿಂತ ಕಡಿಮೆ ಬರುವುದೂ ಉಂಟು. ಕಾಪರ್ ಅಸಿಟೇಟ್ ಮಾನೊಹೈಡ್ರೇಟ್ ಡಿ9, 1.73 ಬರಬೇಕು, ಕೋಣೆಯ ತಾಪಮಾನದಲ್ಲಿ ತಾಮ್ರವೊಂದಕ್ಕೆ 1.4ರ ಆಸುಪಾಸು ಬರುತ್ತದೆ. ಟ್ಯೂಬ್ ತುಂಬಿದ್ದು ಸರಿಯಿಲ್ಲವೆಂದು ಮತ್ತೆ ಮತ್ತೆ ತುಂಬಬೇಡಿ. ಆ ಹರಳಿನಲ್ಲಿ ಎರಡೆರಡು ತಾಮ್ರಗಳು ಅಸಿಟೇಟ್ ಸೇತುವೆಗಳ ನಡುವೆ ಎದುರುಬದುರಾಗಿದ್ದು, ಒಂದರ ಸ್ಪಿನ್ ಇನ್ನೊಂದರದ್ದನ್ನು ಭಾಗಶಃ ರದ್ದು ಮಾಡುತ್ತದೆ. ತಣ್ಣಗೆ ಮಾಡಿದಷ್ಟೂ ಈ ರದ್ದತಿ ಹೆಚ್ಚಿ ಮೊಮೆಂಟ್ ಇನ್ನಷ್ಟು ಇಳಿಯುತ್ತದೆ.