ಅದು ಸುಳ್ಳು ಹೊಳಪಲ್ಲ: ಇಲಿಮರಿಯ ರೋಗನಿರೋಧಕ ಕೋಶಗಳಲ್ಲಿ ಎಂಡಾರ್ಫಿನ್

ಆಗಷ್ಟೇ ಹುಟ್ಟಿದ ಇಲಿಮರಿಯ ರೋಗನಿರೋಧಕ ಕೋಶಗಳಲ್ಲಿ ಎಂಡಾರ್ಫಿನ್ (ದೇಹವೇ ತಯಾರಿಸುವ ನೋವುನಿವಾರಕ) ಹುಡುಕುತ್ತೇನೆ, ಅದಕ್ಕೆ ಅಂಟುವ ಆ್ಯಂಟಿಬಾಡಿ ಹಾಕಿ ಕೋಶ ಹೊಳೆಯುತ್ತಾ ನೋಡುತ್ತೇನೆ ಅಂದಾಗ ಲ್ಯಾಬಿನ ಜೊತೆಯವರು ನಕ್ಕರು. ‘ಅವುಗಳಲ್ಲಿರೋ, ಒಳಗೆಲ್ಲ ಕಣ ತುಂಬಿದ ಮಾಸ್ಟ್ ಕೋಶಕ್ಕೆ ಏನು ಹಾಕಿದರೂ ಅಂಟಿಕೊಳ್ಳುತ್ತೆ, ಸುಮ್ನೆ ದುಡ್ಡು ದಂಡ’ ಅಂದರು. ಮನುಷ್ಯರ ಲಿಂಫೋಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕೋಶ) ಎಂಡಾರ್ಫಿನ್ ಥರದ ವಸ್ತು ಇದೆ ಅಂತ ವಿಜ್ಞಾನಿಗಳಾದ ಬ್ಲಾಲಾಕ್ ಮತ್ತು ಸ್ಮಿತ್ 1980ರ ಆಸುಪಾಸಿನಲ್ಲೇ ಹೇಳಿದ್ದರು. ಬುಡಾಪೆಸ್ಟಿನ ಸಂಶೋಧಕ ಚಾಬಾ ಇಲಿಗಳಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದಾರೆ. ಆದರೂ ಅನುಮಾನ ಹೋಗಿಲ್ಲ.

ಅನುಮಾನಕ್ಕೆ ಕಾರಣವೂ ಇದೆ ಬಿಡಿ. ಮೊದಲು ಆ್ಯಂಟಿಬಾಡಿಗೆ ಬಣ್ಣ ಜೋಡಿಸುವ ಅವಿಡಿನ್-ಬಯೋಟಿನ್ ಜೋಡಿ ಹಾಕಿದಾಗ ಆ್ಯಂಟಿಬಾಡಿಯೇ ಇಲ್ಲದ ಟ್ಯೂಬೂ ಜೋರಾಗಿ ಹೊಳೆಯಿತು. ಮಾಸ್ಟ್ ಕೋಶದ ಕಣಗಳಲ್ಲಿರುವ ಹೆಪಾರಿನ್ ಅನ್ನೋ ವಸ್ತುವಿಗೆ ಅವಿಡಿನ್ ತಾನಾಗೇ ಅಂಟುತ್ತೆ, ಅಲ್ವಾ? ಆಮೇಲೆ ತಂದ ಸೆಕೆಂಡರಿ ಆ್ಯಂಟಿಬಾಡಿ (ಮೊದಲ ಆ್ಯಂಟಿಬಾಡಿಗೆ ಅಂಟುವ ಬಣ್ಣದ ಆ್ಯಂಟಿಬಾಡಿ) ಇಲಿಯ ಸ್ವಂತ ಆ್ಯಂಟಿಬಾಡಿಗಳನ್ನೇ ಹಿಡಿಯಿತು. ಎರಡೂ ಕಿಟ್ಟಿನ ದುಡ್ಡು ನೀರುಪಾಲು. ಕೊನೆಗೆ ನೇರವಾಗಿ ಬಣ್ಣ ಕಟ್ಟಿದ ಆ್ಯಂಟಿಬಾಡಿ ತರಿಸಿದೆ. ವರ್ಷದ ಬಜೆಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು.

ಕೋಶಗಳನ್ನು ಮರಿಯ ಹೊಟ್ಟೆಯ ಪೊಳ್ಳಿನಿಂದ ತೊಳೆದು ತೆಗೆಯಬೇಕು. ಮರಿಯ ತೂಕ ಐದಾರು ಗ್ರಾಂ. ಚರ್ಮದ ಮೂಲಕವೇ ಎಡಬದಿಯಲ್ಲಿ ಹಾಲು ತುಂಬಿದ ಜಠರ ಬೆಳ್ಳಗೆ ಕಾಣುತ್ತೆ. ಸೂಜಿ ಅಲ್ಲಿ ತಾಗಿದರೆ ದ್ರವ ಹಾಲಿನಂತಾಗುತ್ತೆ, ಆ ಸ್ಯಾಂಪಲ್ ಚೆಲ್ಲಿ. ನಾನು ಬಲಬದಿಯ ಕೆಳಗಿನಿಂದ ಅರ್ಧ ಎಂಎಲ್ ತಣ್ಣನೆ ಬಫರ್ (ಕೋಶಕ್ಕೆ ಹೊಂದುವ ದ್ರಾವಣ) ಬಿಟ್ಟು, ಕೋಶಗಳ ಸಮೇತ ವಾಪಸ್ ತೆಗೆಯುತ್ತೇನೆ. ಕೋಶ ಜಾಸ್ತಿ ಬರೋದಕ್ಕೆ ಒಂದು ಕೈಚಳಕ ಇದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಆ್ಯಂಟಿಬಾಡಿ ಒಳಗೆ ಹೋಗಲು ಕೋಶದ ಪೊರೆಯಲ್ಲಿ ರಂಧ್ರ ಮಾಡೋದು ಸಪೋನಿನ್, 0.1 ಶೇಕಡಾ ಆಸುಪಾಸು. ಆ್ಯಂಟಿಬಾಡಿ ಹಾಕುವಾಗಲೂ ತೊಳೆಯುವಾಗಲೂ ಅದು ಇರಲೇಬೇಕು. ಇಲ್ಲದಿದ್ದರೆ ರಂಧ್ರ ಮುಚ್ಚಿ, ಅಂಟದ ಆ್ಯಂಟಿಬಾಡಿ ಒಳಗೇ ಉಳಿದು ಹೊಳೆಯುತ್ತೆ. ಕೋಶ ಆ್ಯಂಟಿಬಾಡಿಯ ಬಾಲವನ್ನು ಹಿಡಿಯದಂತೆ ತಡೆಯುವ ಎಫ್‌ಸಿ ಬ್ಲಾಕ್ ಬಿಡಲೇಬೇಡಿ. ಎಂಡಾರ್ಫಿನ್ ಜೊತೆ ಮೊದಲೇ ಬೆರೆಸಿಟ್ಟು ಅಂಟುವ ಜಾಗ ತುಂಬಿಸಿದ ಆ್ಯಂಟಿಬಾಡಿ ಹಾಕಿದಾಗ ಹೊಳಪು ಕಾಲುಭಾಗಕ್ಕಿಂತ ಕೆಳಗಿಳಿಯಿತು. ನಕ್ಕವರು ಅಲ್ಲಿಗೆ ಸುಮ್ಮನಾದರು.

‘ತಾಯಿಯ ಹಾಲಿನಿಂದ ಬಂದಿರಬಹುದು’ ಅಂದರು ಇನ್ನೊಬ್ಬರು. ಹಾಲು ಕುಡಿಯುವ ಮೊದಲೇ ಮರಿಗಳನ್ನು ತೆಗೆದು ನೋಡಿದೆ, ಹೊಳಪು ಇತ್ತು. ತಾಯಿಯ ರಕ್ತದಿಂದ ಬಂದಿದ್ದರೆ? ಕೋಶಗಳನ್ನು ಕೆಲವು ಗಂಟೆ ಬ್ರೆಫೆಲ್ಡಿನ್‌ನಲ್ಲಿಟ್ಟೆ; ಕೋಶ ತಯಾರಿಸಿದ್ದು ಹೊರಹೋಗದಂತೆ ಅದು ತಡೆಯುತ್ತೆ. ಹೊರಹೋಗುವ ದಾರಿ ಮುಚ್ಚಿದಾಗ ಲಿಂಫೋಸೈಟ್‌ಗಳ ಹೊಳಪು ಹೆಚ್ಚಾಯಿತು, ಹೆಚ್ಚುಕಡಿಮೆ ಒಂದೂವರೆ ಪಟ್ಟು. ಒಳಗೇ ತಯಾರಾಗದಿದ್ದರೆ ಹೆಚ್ಚೋದು ಹೇಗೆ?

ಇದರ ಮಧ್ಯೆ ಮಾಸ್ಟ್ ಕೋಶದ ಕಣಗಳಲ್ಲೇ ಇರುವ, ಅಲರ್ಜಿ ತರುವ ಹಿಸ್ಟಮೀನ್ ಹಿಂದೆಯೂ ಹೋದೆ. ಕೋಶದೊಳಗಿನದನ್ನು ಇದ್ದಲ್ಲೇ ಹಿಡಿದಿಡುವ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಅದು ಸರಿಯಾಗಿ ನಿಲ್ಲಲಿಲ್ಲ, ಅದೇ ಕೆಲಸಕ್ಕೆ ಕಾರ್ಬೊಡೈಇಮೈಡ್ ಹಾಕಿದ ಮೇಲೆ ಸಿಕ್ಕಿತು. ಎಂಡಾರ್ಫಿನ್ ಆ್ಯಂಟಿಬಾಡಿ ಬಾಟಲಿಯ ತಳದಲ್ಲಿ ಉಳಿದಿರೋದನ್ನು ಹಾಲು ಬಿಟ್ಟ ಮರಿಗಳಿಗೆ ಅಂತ ಎತ್ತಿಟ್ಟಿದ್ದೇನೆ.