ದ್ರುತ್‌ನಲ್ಲಿ ಒಡೆಯುತ್ತಿದ್ದ ಧ್ವನಿ: ಟರ್ನ್‌ಟೇಬಲ್‌ನಲ್ಲಿ ಮೊದಲು ಏನು ಬದಲಿಸಿದೆ

ನನ್ನ ಹಳೆಯ ಟರ್ನ್‌ಟೇಬಲ್ ಲೆಂಕೊ ಎಲ್75ರ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಚ್ಚಿದರೆ ಮೊದಲ ಹದಿನೈದು ನಿಮಿಷ ಕಣ್ಣು ಮುಚ್ಚಿ ಕುಳಿತುಬಿಡಬಹುದಿತ್ತು. ಆಮೇಲೆ ದ್ರುತ್ ಬಂದು, ಅಂದರೆ ಲಯ ಏರಿದಂತೆ, ಧ್ವನಿ ಒರಟಾಗುತ್ತಿತ್ತು. ತಾನ್‌ಗಳು (ವೇಗದ ಸ್ವರಸರಣಿಗಳು) ಬಿಡಿಬಿಡಿಯಾಗಿ ಕೇಳುವ ಬದಲು ಒಂದಕ್ಕೊಂದು ಅಂಟಿಕೊಂಡು, ಕಾಗದ ಹರಿದ ಸ್ಪೀಕರಿನಿಂದ ಬಂದಂತೆ ಬರುತ್ತಿದ್ದವು. ನಾಲ್ಕು ವರ್ಷ ಇದನ್ನು ಸಹಿಸಿಕೊಂಡೆ. ಈಗ ಅದು ಹೋಗಿದೆ. ಹೇಗೆ ಹೋಯಿತು, ಎಷ್ಟು ಖರ್ಚಾಯಿತು, ಎಲ್ಲಿ ದುಡ್ಡು ಕಳೆದುಕೊಂಡೆ ಎಂಬುದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಕಾರ್ಟ್ರಿಜ್ ಎಂದರೆ ತೋಳಿನ ತುದಿಯಲ್ಲಿ ಸೂಜಿ ಹೊತ್ತ ತುಣುಕು, ಫೋನೊ ಪ್ರಿಆಂಪ್ ಎಂದರೆ ಅದರಿಂದ ಬರುವ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಪೆಟ್ಟಿಗೆ. ಅದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಇದನ್ನು ಓದುವ ಹೆಚ್ಚಿನವರಿಗೆ ಉಳಿದದ್ದು ಗೊತ್ತಿರುತ್ತದೆ.

ಕೇಳಿದವರೆಲ್ಲ ಸ್ಪೀಕರ್ ಬದಲಿಸಿ ಎಂದರು. ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ ಮೂರು ಲಕ್ಷಕ್ಕೂ ಮೀರಿದ ಸಿಸ್ಟಮ್ ಇದೆ. ಅವರು ಬಂದು ಕೇಳಿ, ‘ಈ ಸ್ಪೀಕರ್ ಇಟ್ಟುಕೊಂಡು ನೀವು ಏನು ಮಾಡಿದರೂ ಅಷ್ಟೇ’ ಎಂದು ಹೇಳಿ ಹೋದರು. ಸ್ಪೀಕರಿಗೆ ದುಡ್ಡು ಹೊಂದಲಿಲ್ಲ, ಆಂಪ್ಲಿಫೈಯರ್ ಬದಲಿಸಿದೆ. 22 ಸಾವಿರ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಆಂಪ್. ಒಡಕು ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು. ಎಂಟು ತಿಂಗಳಾದ ಮೇಲೆ 17 ಸಾವಿರಕ್ಕೆ ಮಾರಿದೆ. ಐದು ಸಾವಿರ ಹೋಯಿತು.

ದಾರಿ ತೋರಿಸಿದ್ದು ನನ್ನ ಹೆಂಡತಿಯ ಒಂದು ಮಾತು. ಅಡುಗೆಮನೆಯಿಂದಲೇ ಕೇಳುತ್ತಿದ್ದವಳು, ‘ಇದು ಯಾವಾಗಲೂ ತಟ್ಟೆಯ ಒಳಭಾಗಕ್ಕೆ ಬಂದಾಗಲೇ ಕೆಡುತ್ತದಲ್ಲ, ಯಾಕೆ?’ ಎಂದಳು. ಸ್ಟೀಲ್ ಸ್ಕೇಲ್ ಹಿಡಿದು ಕುಳಿತೆ. 33⅓ ವೇಗದಲ್ಲಿ ತಟ್ಟೆ ಒಂದು ಸುತ್ತು ಹಾಕಲು 1.8 ಸೆಕೆಂಡ್ ಬೇಕು. ಹೊರ ಅಂಚಿನಲ್ಲಿ ಅಷ್ಟು ಹೊತ್ತಿಗೆ ಸೂಜಿಯ ಕೆಳಗೆ ಸುಮಾರು 92 ಸೆಂಟಿಮೀಟರ್ ಗೀರು ಹರಿದುಹೋಗುತ್ತದೆ. ಲೇಬಲ್ ಹತ್ತಿರ ಬಂದಾಗ ಅದೇ 1.8 ಸೆಕೆಂಡಿನಲ್ಲಿ 38 ಸೆಂಟಿಮೀಟರ್ ಮಾತ್ರ. ನಮ್ಮ ಖಯಾಲ್ ಇರುವುದು ಹೇಗೆ? ನಿಧಾನದ ವಿಲಂಬಿತ್ ಹೊರಗಿನ ವಿಶಾಲ ಗೀರುಗಳಲ್ಲಿ ಆರಾಮವಾಗಿ ಸಾಗುತ್ತದೆ. ಅತ್ಯಂತ ವೇಗದ, ಅತ್ಯಂತ ಜೋರಾದ ತಾನ್‌ಗಳು ಆ 38 ಸೆಂಟಿಮೀಟರಿನಲ್ಲಿ ತುರುಕಿಕೊಂಡು ಕೂರುತ್ತವೆ. ಬಿಡಿ ಹಾಡುಗಳ ತಟ್ಟೆಯಾದರೆ ಕೊನೆಗೆ ಒಂದು ಮೆಲುವಾದ ಹಾಡು ಇಟ್ಟು ಪಾರಾಗಬಹುದು. ರಾಗಕ್ಕೆ ಆ ಅವಕಾಶವೇ ಇಲ್ಲ. ಹೊರಗಿನವರ ಸಲಹೆಗಳು ನಮಗೆ ಏಕೆ ಹೊಂದುವುದಿಲ್ಲ ಎಂಬುದು ಅಂದು ತಿಳಿಯಿತು. ಹಿಂದೂಸ್ತಾನಿ ಕೇಳುವವನು ಮೊದಲು ನೋಡಬೇಕಾದದ್ದು ಸೂಜಿಯ ತುದಿ, ಅದರ ಕೋನ ಮತ್ತು ಅದನ್ನು ಹೊತ್ತ ತೋಳು. ಸ್ಪೀಕರ್ ಕೊನೆಗೆ.

ಅಲ್ಲಿಂದ ಒಂದು ಕ್ರಮ ಹಾಕಿಕೊಂಡೆ. ಮನ್ಸೂರರದೊಂದು, ಶಹನಾಯಿಯದೊಂದು, ಒಂದು ಹಳೆಯ ಮೋನೊ ತಟ್ಟೆ, ಹೀಗೆ ಮೂರನ್ನೇ ಬೇರೆ ತೆಗೆದಿಟ್ಟೆ. ಮೂರರದೂ ಕೊನೆಯ ಮೂರು ನಿಮಿಷ ಮಾತ್ರ ಪರೀಕ್ಷೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಎಂಟು ದಿನ ಅದರೊಂದಿಗೆ ಇರುವುದು, ಆಮೇಲೆ ಹಳೆಯದಕ್ಕೆ ಮರಳಿ ನೋಡುವುದು. ಈ ಮರಳಿ ನೋಡುವ ಕೆಲಸವನ್ನು ಯಾರೂ ಮಾಡುವುದಿಲ್ಲ. ನಾನು ಮಾಡಿದೆ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು ಪ್ರೊಟ್ರ್ಯಾಕ್ಟರ್, ಅಂದರೆ ಕಾರ್ಟ್ರಿಜ್‌ನ ಕೋನ ಹೊಂದಿಸಲು ಗುರುತು ಹಾಕಿದ ಕಾಗದ. ನಾಲ್ಕು ವರ್ಷದಿಂದ ಕಾರ್ಟ್ರಿಜ್ ಸರಿಯಾಗಿ ಕೂರಿಸಿದ್ದೇನೆ ಎಂದೇ ನಂಬಿದ್ದೆ. ಪ್ರಿಂಟ್ ತೆಗೆಸಿದ್ದ ಆ ಕಾಗದದ ಮೇಲೆ ಸ್ಕೇಲ್ ಇಟ್ಟು ನೋಡಿದರೆ 100 ಮಿಲಿಮೀಟರಿನ ಗೆರೆ 97 ಇತ್ತು. ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಕುಗ್ಗಿಸಿ ಪ್ರಿಂಟ್ ಮಾಡಿದ್ದರು. ನನ್ನ ಎರಡೂ ಶೂನ್ಯ ಬಿಂದುಗಳು, ಅಂದರೆ ಸೂಜಿ ಗೀರಿಗೆ ನೇರವಾಗಿ ಕೂರುವ ಜಾಗಗಳು, ನಾಲ್ಕು ವರ್ಷ ತಪ್ಪು ಜಾಗದಲ್ಲಿದ್ದವು. ಮತ್ತೆ ಪ್ರಿಂಟ್ ತೆಗೆಸಿ, ಅಳೆದು, ತಟ್ಟೆಯ ಮಧ್ಯದಿಂದ 66 ಮತ್ತು 121 ಮಿಲಿಮೀಟರಿನ ಹತ್ತಿರ ಕೂರಿಸಿದೆ. ಖರ್ಚು 20 ರೂಪಾಯಿ. ಒಡಕು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಇದನ್ನು ಓದುತ್ತಿರುವವರು ಎದ್ದು ಹೋಗಿ ತಮ್ಮ ಕಾಗದವನ್ನು ಈಗಲೇ ಅಳೆಯಬೇಕು.

ಸೂಜಿ ಗೀರನ್ನು ಒತ್ತುವ ಭಾರ ಅಳೆಯಲು 650 ರೂಪಾಯಿಯ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದೆ, ಅಕ್ಕಸಾಲಿಗರು ಇಟ್ಟುಕೊಳ್ಳುವಂಥದು. ತೋಳಿನ ಮೇಲಿನ ಗುರುತು 2 ಗ್ರಾಂ ಎಂದರೆ ತಕ್ಕಡಿ 1.6 ತೋರಿಸಿತು. ಎರಡು ಎಚ್ಚರಿಕೆ. ತಕ್ಕಡಿಯ ತಟ್ಟೆ ರೆಕಾರ್ಡಿನ ಎತ್ತರಕ್ಕೇ ಇರಬೇಕು. ಅದು ಕಬ್ಬಿಣದ್ದಾಗಿದ್ದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದಕ್ಕೆ ಎಳೆದುಕೊಂಡು ಲೆಕ್ಕ ಕೆಡಿಸುತ್ತದೆ. ನಡುವೆ ದಪ್ಪ ಪ್ಲಾಸ್ಟಿಕ್ ತುಂಡು ಇಡಬೇಕು. ಭಾರ ಕಡಿಮೆಯಿದ್ದರೆ ರೆಕಾರ್ಡಿಗೆ ಒಳ್ಳೆಯದು ಎಂದು ನಂಬಿದವರು ಬಹಳ ಜನ ಇದ್ದಾರೆ. ಸೂಜಿ ಗೀರಿನಲ್ಲಿ ನೆಗೆದಾಡಿದರೆ ಆಗುವ ಹಾನಿ ಅದಕ್ಕಿಂತ ಹೆಚ್ಚು.

ಇನ್ನು ತೋಳು. ಲೆಂಕೊ ಇಟ್ಟುಕೊಂಡವರಿಗೆ ಗೊತ್ತು, ತೋಳಿನ ಚೂರಿ ಅಂಚು ವಿ ಆಕಾರದ ಎರಡು ಪುಟ್ಟ ರಬ್ಬರ್ ತುಣುಕುಗಳ ಮೇಲೆ ಕೂರುತ್ತದೆ. ಅರ್ಧ ಶತಮಾನ ಕಳೆದ ರಬ್ಬರ್ ಯಾವುದಾದರೂ ಒಣಗಿ ಪುಡಿಯಾಗುತ್ತದೆ, ನನ್ನದೂ ಆಗಿತ್ತು. ತೋಳನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರೆ ಟಕ್ ಟಕ್ ಎನ್ನುತ್ತಿತ್ತು. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಐದು ಸಾವಿರ ದಾಟುತ್ತಿತ್ತು. ನಾನು ಇರುವುದು ಬೆಳಗಾವಿಯಲ್ಲಿ. ಉದ್ಯಮಬಾಗಿನಲ್ಲಿ ಗಲ್ಲಿಗೊಂದು ಲೇತ್ ತಿರುಗುತ್ತದೆ, ಹೈಡ್ರಾಲಿಕ್ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಕಡೆಯುವ ಕೈಗಳಿವೆ. ಪರಿಚಯದ ಒಂದು ಸಣ್ಣ ವರ್ಕ್‌ಶಾಪಿಗೆ ಹಳೆಯ ತುಣುಕು ಹಿಡಿದುಕೊಂಡು ಹೋದೆ. ಅದನ್ನು ಬೆಳಕಿಗೆ ಹಿಡಿದು ನೋಡಿದ ಟರ್ನರ್, ‘ಸಾಹೇಬರೇ, ಇದು ತಕ್ಕಡಿಯ ಮುಳ್ಳು ಕೂರುವ ಜಾಗ ಇದ್ದಂತೆ ಇದೆ’ ಎಂದ. ನೋಡಿದ ಕೂಡಲೇ ಅವನಿಗೆ ಅರ್ಥವಾಗಿತ್ತು.

ಮೊದಲ ಜೋಡಿ ಹಿತ್ತಾಳೆಯದು. ನೋಡಲು ಚೆಂದ, ಆದರೆ ಧ್ವನಿಗೆ ಒಂದು ಲೋಹದ ಅಂಚು ಬಂತು. ತಂಬೂರಿ ಝಣಝಣ ಎನ್ನತೊಡಗಿತು. ಎರಡನೆಯದರ ವಿ ತುಂಬಾ ಇಕ್ಕಟ್ಟಾಗಿ ತೋಳು ಕೊನೆಯ ಗೀರುಗಳಲ್ಲಿ ತಡವರಿಸಿತು. ಮೂರನೆಯದು ಬಿರುಕು ಬಿಟ್ಟಿತು. ನಾಲ್ಕನೆಯ ಜೋಡಿಯನ್ನು ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ನೈಲಾನ್ ಸರಳಿನ ತುಂಡಿನಲ್ಲಿ ಮಾಡಿಸಿದೆ. ಅದು ಕೂತಿತು. ವಿ ಕೋನ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ಮೂರು ಜೋಡಿ ಹಾಳು ಮಾಡಿದ್ದೇನೆ. ಎಲ್ಲ ಸೇರಿ 900 ರೂಪಾಯಿ ಆಗಿರಬೇಕು. ಮೊದಲ ಮೂರಕ್ಕೂ ನಾನೇ ಒತ್ತಾಯ ಮಾಡಿ ದುಡ್ಡು ಕೊಟ್ಟೆ.

ಇಷ್ಟಾದ ಮೇಲೆಯೇ ಸೂಜಿಗೆ ಕೈ ಹಾಕಿದೆ. ಇಲ್ಲಿ ಮೋಸ ಹೋದ ಕಥೆಯೂ ಇದೆ. ಮೊದಲೊಮ್ಮೆ ಬೇರೆ ಊರಿನ ಮಾರಾಟಗಾರರೊಬ್ಬರು ‘ಒರಿಜಿನಲ್’ ಎಂದು ಕೊಟ್ಟ ಸೂಜಿಗೆ 4,500 ಕೊಟ್ಟಿದ್ದೆ. ಮಗಳ ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ವಜ್ರದ ತುದಿ ಸೊಟ್ಟಗೆ, ಅಂಟಿನ ಗಡ್ಡೆಯಲ್ಲಿ ಹುದುಗಿ ಕೂತಿತ್ತು. ದುಡ್ಡು ವಾಪಸು ಬರಲಿಲ್ಲ. ಆಮೇಲೆ ಬಿಲ್ ಸಮೇತ ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ ತಂದೆ, ಸುಮಾರು ಆರು ಸಾವಿರ. ಅದನ್ನೇ ಆರಿಸಿದ್ದಕ್ಕೆ ಕಾರಣ, ಕಾರ್ಟ್ರಿಜ್ ಬಿಚ್ಚದೆ ಸೂಜಿಯನ್ನು ಮಾತ್ರ ಮೇಲ್ದರ್ಜೆಗೆ ಏರಿಸಬಹುದು. ಆರು ತಿಂಗಳು ದುಡ್ಡು ಕೂಡಿಸಿ ಇನ್ನೂ ಹರಿತವಾದ ತುದಿಯ ಮೈಕ್ರೊಲೀನಿಯರ್ ಸೂಜಿ ತರಿಸಿದೆ. ಹದಿನೈದು ಸಾವಿರದ ಆಸುಪಾಸು. ವಿಎಂ95ಇ ಜೊತೆ ಬಂದ ಎಲಿಪ್ಟಿಕಲ್ (ಅಂಡಾಕಾರದ) ಸೂಜಿಯ ಬದಿಯ ದುಂಡು ಸುಮಾರು 8 ಮೈಕ್ರಾನ್, ಇದರದ್ದು ಸುಮಾರು 3. ಆ 38 ಸೆಂಟಿಮೀಟರಿನ ಇಕ್ಕಟ್ಟಿನಲ್ಲಿ ಈ ವ್ಯತ್ಯಾಸವೇ ಸರ್ವಸ್ವ. ಹಚ್ಚಿದ ಮೊದಲ ರಾತ್ರಿ ಕೊನೆಯ ತಾನ್ ಬಂದಾಗ ಒಂದೊಂದು ಸ್ವರವೂ ಕಾಳು ಬಿಡಿಸಿ ಇಟ್ಟಂತೆ ಬೇರೆಬೇರೆಯಾಗಿ ಕೇಳಿಸಿತು. ಹಿಂದೆ ತಬಲಾ ಎಂದರೆ ಒಂದು ಗದ್ದಲ. ಈಗ ಬಾಯಾದ (ಎಡಗೈ ತಬಲಾದ) ಮೇಲೆ ಅಂಗೈ ಜಾರುವುದು ತಿಳಿಯುತ್ತಿತ್ತು. ಆದರೆ ಪ್ರೊಟ್ರ್ಯಾಕ್ಟರ್ 97ರಲ್ಲೇ ಇದ್ದಿದ್ದರೆ ಈ ಹದಿನೈದು ಸಾವಿರ ನೀರಿಗೆ ಹಾಕಿದಂತೆಯೇ. ಹರಿತವಾದ ಸೂಜಿ ತಪ್ಪು ಕೋನವನ್ನು ಮೊದಲಿಗಿಂತ ಹೆಚ್ಚು ಎತ್ತಿ ತೋರಿಸುತ್ತದೆ.

‘ಸ’ ಮತ್ತು ‘ಶ’ಗಳಲ್ಲಿ ಇನ್ನೂ ಒಂದು ಚುಚ್ಚು ಉಳಿದಿತ್ತು. ಪ್ರಿಆಂಪ್ ಬಿಚ್ಚಿದಾಗ ಒಳಬರುವ ಜಾಗದಲ್ಲಿ 220 ಪಿಕೊಫ್ಯಾರಡ್‌ನ ಕೆಪ್ಯಾಸಿಟರ್ ಇತ್ತು. ಕೇಬಲ್ಲಿನದನ್ನೂ ಕೂಡಿಸಿದರೆ 400ರ ಹತ್ತಿರ. ಈ ಕಾರ್ಟ್ರಿಜ್‌ಗೆ ಬೇಕಾದದ್ದು 100ರಿಂದ 200. ಅದನ್ನು ತೆಗೆದು 47ರದನ್ನು ಬೆಸೆದೆ, ಕೇಬಲ್ ಗಿಡ್ಡ ಮಾಡಿದೆ. ಎರಡು ರೂಪಾಯಿಯ ಎರಡು ಕೆಪ್ಯಾಸಿಟರ್. ಚುಚ್ಚು ಹೋಯಿತು. ಗುಂಯ್ ಎನ್ನುವ ಹಮ್ ಬೇರೆ ಇತ್ತು. ಮನೆಯ ಅರ್ತಿಂಗ್ ಗುಂಡಿಯನ್ನು ಹೊಸದಾಗಿ ಇದ್ದಿಲು, ಉಪ್ಪು ಹಾಕಿ ಮಾಡಿಸಿದೆ, 2,500.

ಈಗ ಮಗ್ಗದ ವಿಷಯ. ನಮ್ಮ ಮನೆ ಇರುವುದು ವಡಗಾವಿಯಲ್ಲಿ, ಎರಡು ಮನೆಯಾಚೆ ವಿದ್ಯುತ್ ಮಗ್ಗಗಳು ನಡೆಯುತ್ತವೆ. ನಮಗೆ ಅದು ಕಿವಿಗೆ ಬೀಳುವುದೇ ಇಲ್ಲ, ಹುಟ್ಟಿನಿಂದ ಕೇಳಿದ ಸದ್ದು. ಆದರೆ ಸೂಜಿಗೆ ಬೀಳುತ್ತದೆ. ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ ವಾಲ್ಯೂಮ್ ಏರಿಸಿದರೆ ಸ್ಪೀಕರಿನಲ್ಲಿ ಮಗ್ಗದ ಬಡಿತ ದಡ್ ದಡ್ ಎಂದು ಕೇಳುತ್ತಿತ್ತು. ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಇದು, ಒಂದು ಪೈಸೆ ಖರ್ಚಿಲ್ಲ. ಭಾರ ಹೆಚ್ಚಿದರೆ ಕಂಪನ ನಿಲ್ಲುತ್ತದೆ ಎಂದುಕೊಂಡು ಇಳಕಲ್ಲಿನ ನಸುಗೆಂಪು ಗ್ರಾನೈಟ್ ಚಪ್ಪಡಿ ತರಿಸಿ ಕತ್ತರಿಸಿ, ಪಾಲಿಶ್ ಮಾಡಿಸಿದೆ. ಮೂರು ಸಾವಿರ. ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯಂತೆ ಮೊಳಗಿತು. ಮಗ್ಗದ ಬಡಿತಕ್ಕೆ ಈ ಮೊಳಗೂ ಸೇರಿತು. ಸ್ಕೂಟರಿನ ಟ್ಯೂಬಿಗೆ ಅರ್ಧ ಗಾಳಿ ಹಾಕಿ ಅದರ ಮೇಲಿಟ್ಟೆ. ಬಡಿತ ಹೋಯಿತು, ಆದರೆ ರೆಕಾರ್ಡ್ ಬದಲಿಸುವಾಗಲೆಲ್ಲ ಟರ್ನ್‌ಟೇಬಲ್ ತೊಟ್ಟಿಲಿನಂತೆ ತೂಗುತ್ತಿತ್ತು. ಚಪ್ಪಡಿ ಈಗ ದೇವರಮನೆಯಲ್ಲಿದೆ.

ಕೊನೆಗೆ 18 ಮಿಲಿಮೀಟರಿನ ನಾಲ್ಕು ಪ್ಲೈವುಡ್ ಪದರ ಅಂಟಿಸಿ ಪ್ಲಿಂತ್, ಅಂದರೆ ಟರ್ನ್‌ಟೇಬಲ್ ಕೂರುವ ಪೀಠ, ಮಾಡಿಸಿದೆ, ಬಡಗಿಯ ಕೂಲಿ ಸೇರಿ ಆರು ಸಾವಿರ. ಅದನ್ನು ಇಟ್ಟಿದ್ದು ಮಗ್ಗಗಳಿಗೆ ದೂರದ ಗೋಡೆಗೆ ಹೊಂದಿಸಿದ ಹಲಗೆಯ ಮೇಲೆ. ನಮ್ಮದು ಜಂಬಿಟ್ಟಿಗೆ ಕಲ್ಲಿನ ಗೋಡೆ. ಡ್ರಿಲ್ ಮಾಡಿ ಬೋಲ್ಟ್ ಹಾಕಿದರೆ ಹಿಡಿಯುವುದಿಲ್ಲ, ಉದುರಿ ಬರುತ್ತದೆ. ಒಮ್ಮೆ ಹಲಗೆ ಕೈಗೇ ಬಂತು, ಪುಣ್ಯಕ್ಕೆ ಮೇಲೇನೂ ಇರಲಿಲ್ಲ. ಗೋಡೆಯಲ್ಲಿ ಒಂದು ಗೇಣು ತೋಡಿ, ಕಬ್ಬಿಣದ ಬ್ರ್ಯಾಕೆಟ್ಟುಗಳನ್ನು ಸಿಮೆಂಟಿನಲ್ಲಿ ಹೂತು, ಹದಿನೈದು ದಿನ ನೀರುಣಿಸಿದ ಮೇಲೆ ಗಟ್ಟಿಯಾಯಿತು. 3,500. ಪ್ಲಿಂತ್ ಮತ್ತು ಹಲಗೆಯ ನಡುವೆ ಏನಿಟ್ಟಿದ್ದೇನೆ ಎಂಬುದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಈಗ ಮಗ್ಗಗಳೆಲ್ಲ ಓಡುತ್ತಿರುವಾಗಲೂ ನಿಂತ ರೆಕಾರ್ಡಿನಲ್ಲಿ ನಿಶ್ಶಬ್ದ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಡಗಿಗಳ ಬಿಳಿ ಅಂಟನ್ನು ರೆಕಾರ್ಡಿನ ಮೇಲೆ ದಪ್ಪಗೆ ಸುರಿದು, ಒಣಗಿದ ಮೇಲೆ ಸಿಪ್ಪೆಯಂತೆ ಎಬ್ಬಿಸಿದರೆ ಗೀರಿನ ಕೊಳೆಯೆಲ್ಲ ಬರುತ್ತದೆ ಎಂಬುದು ನಿಜ. ಮಾರ್ಚ್‌ನಲ್ಲಿ ಮಾಡಿದ್ದು ಒಂದೇ ರಾತ್ರಿಯಲ್ಲಿ ಒಣಗಿ ಒಂದೇ ಹಾಳೆಯಾಗಿ ಬಂತು. ಜುಲೈಯಲ್ಲಿ ಮಾಡಿದ್ದು ಬೆಳಗಾವಿಯ ಮಳೆಯಲ್ಲಿ ಮೂರು ದಿನವಾದರೂ ಹಸಿಯಾಗಿಯೇ ಇದ್ದು, ಚೂರುಚೂರಾಗಿ ಕಿತ್ತುಬಂದು ಒಂದು ಒಳ್ಳೆಯ ತಟ್ಟೆ ಹಾಳಾಯಿತು. ಮಳೆಗಾಲದಲ್ಲಿ ಯಾರೂ ಮಾಡಬಾರದು. ಮೋನೊ ತಟ್ಟೆಗಳಿಗೆ ಎಡಬಲ ಎರಡೂ ಚಾನೆಲ್ ಕೂಡಿಸುವ ಸ್ವಿಚ್ ಹಾಕಿಕೊಂಡೆ. ಚಟಪಟ ಸದ್ದು ಅರ್ಧಕ್ಕಿಳಿಯಿತು. ಲೆಂಕೊದಲ್ಲಿ ವೇಗವನ್ನು ಸನ್ನೆಯಿಂದ ಬೇಕಾದಂತೆ ಸರಿಸಬಹುದಾದ್ದರಿಂದ ಮಗಳು ಹಾಡುವ ಪಟ್ಟಿಗೆ (ಶ್ರುತಿಗೆ) ಅರ್ಧ ಸ್ವರ ಏರಿಸಿ ನೋಡಿದೆವು, ಸುಮಾರು ನೂರಕ್ಕೆ ಆರು ಹೆಚ್ಚು. ತಂಬೂರಿ ಹೊಂದಿತು, ಗಾಯಕರ ಧ್ವನಿ ಎಳೆಯದಾಯಿತು, ಬಿಟ್ಟುಬಿಟ್ಟೆವು. ಮರಳಿ 33⅓ಕ್ಕೆ ತರಲು ವೇಗ ಪರೀಕ್ಷಿಸುವ ಗೆರೆಗಳ ಸ್ಟ್ರೋಬ್ ತಟ್ಟೆ ಇಟ್ಟರೆ ಎಲ್‌ಇಡಿ ದೀಪದಡಿ ಗೆರೆಗಳೇ ನಿಲ್ಲಲಿಲ್ಲ. ಸ್ವಿಚ್ ಬೋರ್ಡಿನ ನಿಯಾನ್ ಸೂಚಕ ದೀಪ ಹತ್ತಿರ ಹಿಡಿದಾಗ 180 ಗೆರೆಗಳೂ ಕದಲದೆ ನಿಂತವು.

ಕಳೆದ ದೀಪಾವಳಿಗೆ ಧಾರವಾಡದ ಗೆಳೆಯರು ಬಂದರು. ತಮ್ಮದೇ ಎಲ್‌ಪಿ ತಂದಿದ್ದರು, ನನ್ನ ತಟ್ಟೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಸ್ಪೀಕರ್ ಅದೇ, ಹಳೆಯ ಆಂಪ್ ಅದೇ. ನಾನು ಏನೂ ಹೇಳದೆ ನೇರವಾಗಿ ಕೊನೆಯ ಭಾಗಕ್ಕೆ ಸೂಜಿ ಇಳಿಸಿದೆ. ತಟ್ಟೆ ಮುಗಿದು ಸೂಜಿ ಒಳ ಗೀರಿನಲ್ಲಿ ಸುತ್ತುತ್ತಿದ್ದರೂ ಅವರು ಏಳಲಿಲ್ಲ. ‘ಇನ್ನೊಮ್ಮೆ ಹಚ್ಚಿ’ ಎಂದರು. ಮೂರನೆಯ ಸಲ ಕೇಳಿದ ಮೇಲೆ ಟರ್ನರ್‌ನ ವಿಳಾಸ ಕೇಳಿದರು, ಕೊಟ್ಟೆ. ಕೋನ ಹೇಳಲಿಲ್ಲ.

ಉಪಯೋಗಕ್ಕೆ ಬಂದ ಖರ್ಚು 35 ಸಾವಿರದ ಹತ್ತಿರ, ವ್ಯರ್ಥವಾದದ್ದು ಹನ್ನೆರಡು ಹದಿಮೂರು ಸಾವಿರ. ಮೋಟಾರಿನ ತಿರುಗನ್ನು ತಟ್ಟೆಗೆ ಮುಟ್ಟಿಸುವ ಐಡ್ಲರ್ ಚಕ್ರದ ರಬ್ಬರ್ ಈಗೀಗ ಸಣ್ಣಗೆ ಸದ್ದು ಮಾಡುತ್ತಿದೆ. ಈ ಮಳೆ ಮುಗಿದ ಕೂಡಲೇ ಅದನ್ನು ಉದ್ಯಮಬಾಗಿಗೆ ಒಯ್ದು ಅಂಚು ಗ್ರೈಂಡ್ ಮಾಡಿಸಬೇಕು. ಸ್ಪೀಕರ್ ಅದರ ನಂತರ.