ವಾರಿಯ ರಾತ್ರಿಗಳಿಗೆ ದುಡ್ಡು ಎಷ್ಟು ಬೇಕು?

ಜ್ಯೇಷ್ಠ ಮಾಸ ಹತ್ತಿರ ಬಂದಂತೆ ಪುಣೆಯ ಪಕ್ಕದ ನಿಗಡಿ, ಆಕುರ್ಡಿ, ಭೋಸರಿ ಕಡೆಯ ನಮ್ಮ ಕನ್ನಡದ ಮಂದಿ ನನ್ನ ಮನೆಯ ಮೆಟ್ಟಿಲು ಹತ್ತುತ್ತಾರೆ. ನಮ್ಮ ಓಣಿಯಿಂದ ವಾರಿಗೆ, ಅಂದರೆ ಆಷಾಢ ಏಕಾದಶಿಗೆ ಪಲ್ಲಕ್ಕಿಯ ಜೊತೆ ಪಂಢರಪುರದ ವಿಠ್ಠಲನ ಕಡೆ ನಡೆಯುವ ಯಾತ್ರೆಗೆ, ಹೋಗುವ ವಾರಕರಿ ಗುಂಪಿನ ಲೆಕ್ಕದ ವಹಿ ನನ್ನ ಕೈಯಲ್ಲಿದೆ, ಅದಕ್ಕೆ. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾ, ಪಂಢರಪುರಕ್ಕೆ ನಡೆದು ಹೋದರೆ ಮಲಗುವ ಖರ್ಚು ರಾತ್ರಿಗೆ ಎಷ್ಟು ಹಿಡಿಯಬೇಕು?"

ರಾತ್ರಿಗೆ ಇಷ್ಟು ಎಂದು ಹಿಡಿದರೆ ಲೆಕ್ಕ ಕೆಡುತ್ತದೆ. ವಾರಿಯಲ್ಲಿ ಹೆಚ್ಚಿನ ರಾತ್ರಿಗಳಿಗೆ ಸೂರು ಹೇಗೋ ಸಿಗುತ್ತದೆ. ಐದಾರು ರಾತ್ರಿಗಳು ಮಾತ್ರ ಜೇಬನ್ನು ಹಿಂಡುತ್ತವೆ. ಆ ರಾತ್ರಿಗಳು ಯಾವುವು ಎಂದು ಮೊದಲೇ ಗುರುತಿಸಿ ದುಡ್ಡನ್ನೆಲ್ಲ ಅಲ್ಲಿಗೆ ಕೂಡಿಡಿ, ಉಳಿದ ಕಡೆ ಕೈ ಬಿಗಿ ಹಿಡಿಯಿರಿ.

ಮೊದಲು ಪಂಚಾಂಗ ತೆಗೆದು ರಾತ್ರಿಗಳನ್ನು ಎಣಿಸಿ. ವಾರಕರಿಗಳು ಮಾವುಲಿ (ತಾಯಿ) ಎಂದು ಕರೆಯುವ ಸಂತ ಜ್ಞಾನೇಶ್ವರರ ಪಲ್ಲಕ್ಕಿ 2025ರಲ್ಲಿ ಜೂನ್ 19ರಂದು ಆಳಂದಿಯ ದೇವಸ್ಥಾನದಿಂದ ಹೊರಬಂದು, ಜುಲೈ 6ರ ಆಷಾಢ ಏಕಾದಶಿಯ ಹಿಂದಿನ ದಿನ ಪಂಢರಪುರ ಮುಟ್ಟಿತು. ಮೊದಲ ರಾತ್ರಿ ಆಳಂದಿಯಲ್ಲೇ, ನಂತರ ಪುಣೆಯಲ್ಲಿ ಎರಡು, ಸಾಸವಡದಲ್ಲಿ ಎರಡು. ಅಲ್ಲಿಂದ ಜೇಜುರಿ, ವಾಲ್ಹೆ, ಲೋಣಂದ, ತರಡಗಾಂವ, ಫಲಟಣ, ಬರಡ, ನಾತೇಪುತೆ, ಮಾಳಶಿರಸ, ವೇಳಾಪುರ, ಭಂಡಿಶೇಗಾಂವ, ವಾಖರಿ. ಊರುಗಳ ಈ ಸಾಲು ಬದಲಾಗುವುದು ಕಡಿಮೆ, ರಾತ್ರಿಗಳ ಲೆಕ್ಕ ಮಾತ್ರ ತಿಥಿಯ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಲೋಣಂದದಲ್ಲಿ 2024ರಲ್ಲಿ ಎರಡು ರಾತ್ರಿ ಇದ್ದ ಪಲ್ಲಕ್ಕಿ 2025ರಲ್ಲಿ ಒಂದೇ ರಾತ್ರಿ ನಿಂತಿತು. ಆದ್ದರಿಂದ ಪಲ್ಲಕ್ಕಿ ನಡೆಸುವ ಆಳಂದಿಯ ಸಂಸ್ಥಾನ ಆ ವರ್ಷದ ಮುಕ್ಕಾಮುಗಳ (ರಾತ್ರಿ ತಂಗುವ ಊರುಗಳ) ಪಟ್ಟಿ ಹೊರಡಿಸುವ ತನಕ ಎಲ್ಲಿಯೂ ಮುಂಗಡ ಕೊಡಬೇಡಿ. ಹೋದ ವರ್ಷದ ಪಟ್ಟಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಬರುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಚಹಾ ಕೊಟ್ಟು ಕಳಿಸುತ್ತೇನೆ.

ಪುಣೆಯಲ್ಲಿ ಇರುವವರಿಗೆ ಮೊದಲ ಮೂರು ರಾತ್ರಿ ಖರ್ಚಿಲ್ಲ. ಆಳಂದಿಯಲ್ಲಿ ದರ್ಶನ ಮಾಡಿಕೊಂಡು ಮನೆಗೆ ಬಂದು ಮಲಗಿ, ಮರುದಿನ ನಡೆದು ಮತ್ತೆ ಮನೆ ಸೇರಿ. ಮಾವುಲಿಯ ಪಲ್ಲಕ್ಕಿ ಭವಾನಿ ಪೇಠೆಯಲ್ಲಿ, ದೇಹುವಿನಿಂದ ಬರುವ ತುಕಾರಾಮ ಮಹಾರಾಜರ ಪಲ್ಲಕ್ಕಿ ನಾನಾ ಪೇಠೆಯಲ್ಲಿ ಇರುವ ಆ ಎರಡು ರಾತ್ರಿ ಸ್ವಂತ ಹಾಸಿಗೆಯಲ್ಲಿ ಕಾಲು ಚಾಚಿ ನಿದ್ದೆ ಮಾಡಿದವರೇ ಮುಂದೆ ಬರುವ ದಿವೆ ಘಾಟಿನ ಏರನ್ನು ಸರಿಯಾಗಿ ಹತ್ತುತ್ತಾರೆ. ಖರ್ಚಿಲ್ಲ ಎಂದೆ, ಪೂರ್ತಿ ನಿಜವಲ್ಲ. ಇಂಡಿ, ಸಿಂದಗಿ, ಅಥಣಿ ಕಡೆಯ ಬೀಗರು, ಅತ್ತೆಯ ತಂಗಿ, ಆಕೆಯ ನೆರೆಮನೆಯವರು ಎಲ್ಲರೂ ಆ ಎರಡು ರಾತ್ರಿಗೆ ನಮ್ಮ ಮನೆಗೇ ಬರುತ್ತಾರೆ. ಒಂದು ಮಲಗುವ ಕೋಣೆಯ ಮನೆಯಲ್ಲಿ ಅಡುಗೆಮನೆಯ ಕಟ್ಟೆಯ ಕೆಳಗೂ ಯಾರೋ ಮಲಗಿರುತ್ತಾರೆ. ಬಾಡಿಗೆ ಗಾದಿ, ಒಂದು ಹೆಚ್ಚುವರಿ ಸಿಲಿಂಡರ್, ಸೊಸೈಟಿಯ ನೀರಿನ ಟ್ಯಾಂಕರಿನಲ್ಲಿ ನಮ್ಮ ಪಾಲು ಎಲ್ಲ ಸೇರಿ ಸಾವಿರದೈನೂರು ರೂಪಾಯಿ ನನ್ನ ವಹಿಯಲ್ಲಿ "ಅತಿಥಿ" ಎಂಬ ಹೆಸರಿನಲ್ಲಿ ಬೇರೆಯೇ ಬರೆದಿರುತ್ತದೆ. ಅದನ್ನು ವಾರಿಯ ಖರ್ಚಿನಲ್ಲಿ ಬೆರೆಸಿದರೆ ಯಾವ ಲೆಕ್ಕವೂ ಕೂಡುವುದಿಲ್ಲ.

ಇನ್ನು ದಿಂಡಿಯ, ಅಂದರೆ ಪಲ್ಲಕ್ಕಿಯ ಜೊತೆ ಒಟ್ಟಾಗಿ ನಡೆಯುವ ಗುಂಪಿನ ವಿಷಯ. ಮೊದಲ ಸಲ ಹೋಗುವವರು, ಅದರಲ್ಲೂ ಹೆಂಗಸರು ಮತ್ತು ಅರವತ್ತು ದಾಟಿದವರು, ದಿಂಡಿ ಸೇರುವುದೇ ಒಳ್ಳೆಯದು. ಪಲ್ಲಕ್ಕಿಯ ರಥದ ಮುಂದೆ ಮತ್ತು ಹಿಂದೆ ನಂಬರಿನ ಪ್ರಕಾರ ದಿಂಡಿಗಳು ನಡೆಯುತ್ತವೆ. ಪ್ರತಿ ದಿಂಡಿಗೂ ಲಾರಿ, ರಾಹುಟಿ (ಡೇರೆ), ಅಡುಗೆಯವರು, ನೀರಿನ ಟ್ಯಾಂಕರ್ ಇರುತ್ತದೆ. ಅದಕ್ಕೆ ಕೊಡುವ ವಂತಿಗೆಯೇ ಭಿಶಿ. ನಮ್ಮ ಗುಂಪು ಸೇರುವ ದಿಂಡಿಯಲ್ಲಿ ತಲೆಗೆ 4,500 ರೂಪಾಯಿ. ಇದಕ್ಕಿಂತ ಕಡಿಮೆಯದೂ ಹೆಚ್ಚಿನದೂ ಇವೆ. ಭಾಷೆಯ ಅಳುಕು ಬೇಡ. ಬೆಳಗಾವಿ, ವಿಜಯಪುರ ಕಡೆಯಿಂದ ಬರುವವರು ಸಾಕಷ್ಟು ಮಂದಿ. ಮಾವುಲಿಯ ಕುದುರೆಗಳು ಬರುವುದೇ ಚಿಕ್ಕೋಡಿ ಸೀಮೆಯ ಅಂಕಲಿಯಿಂದ, ಅವೂ ಅಲ್ಲಿಂದ ಆಳಂದಿಗೆ ನಡೆದೇ ಬರುತ್ತವೆ.

ಭಿಶಿಯ ಮೊತ್ತ ಕೇಳಿ ತಲೆಯಾಡಿಸುವ ಮೊದಲು ದಿಂಡಿ ಪ್ರಮುಖರನ್ನು ಕೂರಿಸಿಕೊಂಡು ಕೆಲವು ಮಾತು ಬಿಡಿಸಿ ಕೇಳಿ. ಸಂಕೋಚಪಡಬೇಡಿ. ಒಂದು ರಾಹುಟಿಯಲ್ಲಿ ಎಷ್ಟು ಮಂದಿ? ಹೆಂಗಸರಿಗೆ ಬೇರೆ ರಾಹುಟಿ ಇದೆಯೋ, ನಡುವೆ ಒಂದು ಪರದೆ ಮಾತ್ರವೋ? ಲಾರಿ ಮುಕ್ಕಾಮಿನ ಜಾಗಕ್ಕೇ ಬರುತ್ತದೆಯೋ, ಅರ್ಧ ಮೈಲಿ ಆಚೆ ನಿಲ್ಲುತ್ತದೆಯೋ? ಇಡೀ ದಿನ ನಡೆದು ಬಂದ ಮೇಲೆ ಹಾಸಿಗೆಯ ಗಂಟು ತಲೆಯ ಮೇಲೆ ಹೊತ್ತು ಮತ್ತೆ ಅಲೆದವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾದದ್ದು: ಪಂಢರಪುರದಲ್ಲಿ ಎಷ್ಟು ರಾತ್ರಿ ಭಿಶಿಯಲ್ಲಿ ಸೇರಿದೆ? ಕೆಲವು ದಿಂಡಿಗಳ ಜವಾಬ್ದಾರಿ ಏಕಾದಶಿಗೇ ಮುಗಿಯುತ್ತದೆ, ಕೆಲವು ದ್ವಾದಶಿಯ ಪಾರಣೆಯ ಊಟ ಬಡಿಸಿ ಕೈಮುಗಿಯುತ್ತವೆ. ವಾರಿಯನ್ನು ಮುಗಿಸುವ ಹುಣ್ಣಿಮೆಯ ಗೋಪಾಳಕಾಲಾ ಉತ್ಸವದವರೆಗೆ ಇರುವ ಆಸೆ ಇದ್ದರೆ ಮುಂದಿನ ರಾತ್ರಿಗಳು ನಿಮ್ಮ ಜೇಬಿನವು.

ಭಿಶಿಯಲ್ಲಿ ಸಿಗುವುದು ಜಾಗ, ಹಾಸಿಗೆಯಲ್ಲ. ಇಲ್ಲಿ ಒಂದಿಷ್ಟು ಖರ್ಚು ಮಾಡಿ. ನಾನು ಹೇಳುವುದು ಎರಡೇ ಸಾಮಾನು: ನಿಮ್ಮ ಎತ್ತರಕ್ಕಿಂತ ಎರಡು ಅಡಿ ಉದ್ದದ ದಪ್ಪ ತಾಡಪತ್ರಿ (ಟಾರ್ಪಾಲಿನ್), ಮತ್ತು ಮನೆಯಲ್ಲಿರುವ ಹಗುರವಾದ ಒಂದು ಕೌದಿ. ತಾಡಪತ್ರಿ, ಹಗ್ಗ, ಗಂಟು ಕಟ್ಟುವ ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ ಪುಣೆಯ ರವಿವಾರ ಪೇಠೆಯಲ್ಲಿ ಒಂಬೈನೂರರ ಒಳಗೆ ಮುಗಿಯುತ್ತದೆ. ಗಾಳಿ ತುಂಬುವ ಹಾಸಿಗೆ ಬೇಡ, ಮೊದಲ ಗೊಬ್ಬಳಿ ಮುಳ್ಳಿಗೆ ಅದರ ಆಯುಷ್ಯ ತೀರುತ್ತದೆ.

ಜಾಗ ಹಿಡಿಯುವುದರಲ್ಲೂ ಒಂದು ಕಸುಬಿದೆ. ಫಲಟಣದ ಆಚೆ ಮಳೆ ಕಡಿಮೆ, ಆದರೆ ಬಂದರೆ ಎರೆ ಮಣ್ಣು ಅಂಟಾಗಿ ಕಾಲು ಕೀಳಲು ಬಿಡುವುದಿಲ್ಲ. ರಾಹುಟಿಯೊಳಗೆ ಹೋದ ಕೂಡಲೇ ನೆಲದ ಇಳಿಜಾರು ಯಾವ ಕಡೆಗೆ ಎಂದು ನೋಡಿ, ತಂಬಿಗೆಯಿಂದ ನಾಲ್ಕು ಹನಿ ನೀರು ಚೆಲ್ಲಿದರೆ ತಿಳಿಯುತ್ತದೆ. ಎತ್ತರದ ಕಡೆ, ಬಟ್ಟೆಯ ಗೋಡೆಯಿಂದ ಒಂದು ಸಾಲು ಒಳಗೆ ಹಾಸಿ. ಗೋಡೆಗೆ ಒತ್ತಿ ಮಲಗಿದರೆ ಮೈ ತಾಗಿದಲ್ಲೆಲ್ಲ ನೀರು ಜಿನುಗುತ್ತದೆ. ಬಾಗಿಲ ಬಳಿ ಮಲಗಿದರೆ ನಸುಕಿನ ಮೂರು ಗಂಟೆಗೆ ಸ್ನಾನಕ್ಕೆ ಏಳುವ ಅಜ್ಜಿಯರೆಲ್ಲ "ಮಾವುಲಿ, ಮಾವುಲಿ" ಎನ್ನುತ್ತಾ ನಿಮ್ಮನ್ನು ದಾಟಿಕೊಂಡೇ ಹೋಗುತ್ತಾರೆ. ತಾಡಪತ್ರಿಯ ನಾಲ್ಕೂ ಅಂಚನ್ನು ಗೇಣುದ್ದ ಮೇಲಕ್ಕೆ ಮಡಚಿ, ತಲೆಯ ಕಡೆ ಕೈಚೀಲ, ಕಾಲಿನ ಕಡೆ ಚಪ್ಪಲಿಯ ಚೀಲ ಇಟ್ಟು ಒತ್ತಿದರೆ ನೀರು ಹರಿದು ಬಂದರೂ ಕೆಳಗಿನಿಂದ ಹೋಗುತ್ತದೆ. ನಾಲ್ಕು ಗಂಟೆಗೆ ಗಂಟು ಕಟ್ಟಿ ಲಾರಿಗೆ ಮುಟ್ಟಿಸಬೇಕು, ರಾಹುಟಿ ಕೀಳುವವರು ಯಾರಿಗೂ ಕಾಯುವುದಿಲ್ಲ.

ಈಗ ಜೇಬು ಹಿಂಡುವ ರಾತ್ರಿಗಳು. ಮೊದಲನೆಯದು ಸಾಸವಡ. ಪುಣೆಯಿಂದ ಸಾಸವಡದ ದಾರಿ ಮೂವತ್ತು ಕಿಲೋಮೀಟರ್ ದಾಟುತ್ತದೆ, ನಡುವೆ ದಿವೆ ಘಾಟಿನ ಏರು. ಅಲ್ಲಿ ಎರಡು ರಾತ್ರಿ ಇರುವುದರಿಂದ ಒಂದೇ ಬಾಡಿಗೆಯ ಕೋಣೆಯಲ್ಲಿ ಕಾಲಿನ ಬೊಬ್ಬೆ, ಒದ್ದೆ ಬಟ್ಟೆ, ಬಾಕಿ ನಿದ್ದೆ ಮೂರನ್ನೂ ಸರಿಮಾಡಿಕೊಳ್ಳಬಹುದು. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯ ದರ್ಶನಕ್ಕೂ ಬಿಡುವು ಸಿಗುತ್ತದೆ. ನಾವು ನಾಲ್ಕು ಜನ ಸೇರಿ ಎರಡು ರಾತ್ರಿಗೆ ನಾಲ್ಕು ಸಾವಿರ ಕೊಡುತ್ತೇವೆ, ತಲೆಗೆ ಒಂದು ಸಾವಿರ. ಇಡೀ ವಾರಿಯಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ನನಗೆ ಗೊತ್ತಿಲ್ಲ. ಆ ದಿನ ಘಾಟಿನಲ್ಲಿ ವಾಹನ ಬಿಡುವುದಿಲ್ಲ, ಬೋಪದೇವ ಘಾಟಿನ ಕಡೆಗೆ ತಿರುಗಿಸುತ್ತಾರೆ. ಆದ್ದರಿಂದ ಸುಸ್ತಾದರೆ ರಿಕ್ಷಾ ಹಿಡಿದು ಕೋಣೆ ಸೇರುತ್ತೇನೆ ಎಂಬ ಲೆಕ್ಕ ಬೇಡ. ಜೇಜುರಿಯಲ್ಲಿ ಖಂಡೋಬ ದೇವರ ಗುಡಿಯಿಂದಾಗಿ ವಸತಿಗೃಹಗಳು ಬೇಕಾದಷ್ಟಿವೆ, ಆದರೆ ಸಾಸವಡದಿಂದ ಅಲ್ಲಿಗೆ ಅರ್ಧದಷ್ಟೇ ದೂರ. ಅಲ್ಲಿ ದುಡ್ಡು ಸುರಿಯುವುದು ದಂಡ.

ಎರಡನೆಯದು ಯಾವ ಊರಿನಲ್ಲಿ ಬರುತ್ತದೆ ಎಂದು ಹೇಳಲಾಗದ ರಾತ್ರಿ. ಜ್ವರ, ಭೇದಿ, ಊದಿದ ಮೊಣಕಾಲು, ಅಥವಾ ರಾಹುಟಿಯೊಳಗೇ ಹಳ್ಳ. ಅದಕ್ಕಾಗಿ ಸಾವಿರ ರೂಪಾಯಿ ಬೇರೆ ಪುಡಿಕೆಯಲ್ಲಿ ಹೊಲಿದಿಡಿ. ಮಾರ್ಗಮಧ್ಯದಲ್ಲಿ ವಸತಿಗೃಹಗಳ ಅನುಕೂಲ ಚೆನ್ನಾಗಿರುವ ಊರು ಫಲಟಣ. ಕೈಕಾಲು ನಡೆಯುವಂತಿದ್ದರೆ ಅಲ್ಲಿಯವರೆಗೆ ತಡೆದುಕೊಳ್ಳಿ. ನಮ್ಮ ಗುಂಪಿನ ಇಂಡಿಯ ಕಾಕಾ ಮಾತ್ರ ಈ ಪುಡಿಕೆಯನ್ನು ಬಿಚ್ಚಲು ಒಪ್ಪುವುದೇ ಇಲ್ಲ. ವಿಠ್ಠಲನ ದಾರಿಯಲ್ಲಿ ಲಾಡ್ಜ್ ಹುಡುಕುವುದು ಅವರಿಗೆ ಅವಮಾನ. ಅವರ ಭಕ್ತಿಗೆ ನಮಸ್ಕಾರ. ಆದರೆ ನೂರಾ ಎರಡು ಜ್ವರ ಬಂದವರನ್ನು ಒದ್ದೆ ನೆಲದಲ್ಲಿ ಮಲಗಿಸಲು ವಹಿ ಹಿಡಿದ ನಾನು ಒಪ್ಪುವುದಿಲ್ಲ.

ಮೂರನೆಯದು ಕೊನೆಯ ಗಂಟು, ವಾಖರಿ ಮತ್ತು ಪಂಢರಪುರ. ಬೇರೆ ಬೇರೆ ದಾರಿಯಿಂದ ಬಂದ ಪಲ್ಲಕ್ಕಿಗಳೆಲ್ಲ ವಾಖರಿಯಲ್ಲಿ ಕೂಡುತ್ತವೆ, ಅಲ್ಲಿ ದುಡ್ಡು ಕೊಟ್ಟರೂ ಕಾಲು ಚಾಚುವಷ್ಟು ಜಾಗ ಸಿಗುವುದು ಕಷ್ಟ. ದಿಂಡಿಯ ರಾಹುಟಿಯೇ ಗತಿ. ಪಂಢರಪುರದಲ್ಲಿ ಏಕಾದಶಿಯ ಸುತ್ತ ಮನೆ ಮಾಲೀಕರು ಒಂದು ರಾತ್ರಿಗೆ ಕೋಣೆ ಕೊಡುವುದಿಲ್ಲ, ಮೂರು ರಾತ್ರಿಯ ಬಾಡಿಗೆ ಒಟ್ಟಿಗೆ ಕೇಳುತ್ತಾರೆ. ನಾವು ಕೋಣೆಯನ್ನಲ್ಲ, ಪಡಸಾಲೆಯ ನೆಲವನ್ನು ಮಾತಾಡುತ್ತೇವೆ, ಮೂರು ರಾತ್ರಿಗೆ ತಲೆಗೆ ಸಾವಿರದ ಇನ್ನೂರು. ಶೌಚಾಲಯ ಒಳಗಿದೆಯೇ, ನೀರು ಎಷ್ಟು ಗಂಟೆಯವರೆಗೆ ಬರುತ್ತದೆ, ಅದೇ ನೆಲವನ್ನು ಇನ್ನೂ ಎಷ್ಟು ಜನಕ್ಕೆ ಕೊಟ್ಟಿದ್ದಾರೆ ಎಂದು ಕೇಳಿಯೇ ಮುಂಗಡ ಕೊಡುವುದು. ದಿಂಡಿಯ ಜೊತೆಗೇ ಉಳಿಯುವುದಾದರೆ ಚಂದ್ರಭಾಗೆಯ ದಂಡೆಯ 65 ಎಕರೆ ಬಯಲಿನಲ್ಲಿ ಆಡಳಿತದವರು ದಿಂಡಿಗಳಿಗೆ ಜಾಗ ಹಂಚಿಕೊಡುತ್ತಾರೆ, ನೀರು, ಶೌಚಾಲಯದ ವ್ಯವಸ್ಥೆಯೂ ಇರುತ್ತದೆ.

ಹಾಸಿಗೆ ಗೊತ್ತುಮಾಡುವ ಮೊದಲು ದರ್ಶನ ಹೇಗೆ ಎಂದು ನಿರ್ಧರಿಸಿ. ವಿಠ್ಠಲನ ಪಾದ ಮುಟ್ಟಿಯೇ ಬರುವುದೆಂದರೆ ಸಾಲು ಗೋಪಾಳಪುರದವರೆಗೆ ಬೆಳೆದಿರುತ್ತದೆ, ಒಂದು ಹಗಲು ಒಂದು ರಾತ್ರಿ ಅಲ್ಲೇ ಕಳೆದುಹೋಗಬಹುದು. ಸಾಲಿನಲ್ಲಿ ನಿಂತಿರುವ ರಾತ್ರಿಗೆ ನೆಲದ ಬಾಡಿಗೆ ಏಕೆ ಕೊಡಬೇಕು? ನಿಮಗೆ ಹಾಸಿಗೆ ಬೇಕಾಗುವುದು ದರ್ಶನದ ನಂತರ. ಗುಡಿಯ ಬಾಗಿಲಿನ ನಾಮದೇವ ಪಾಯರಿಗೆ (ಮೆಟ್ಟಿಲಿಗೆ) ಹಣೆ ಹಚ್ಚಿ, ಶಿಖರಕ್ಕೆ ಕೈಮುಗಿದು ತೃಪ್ತಿಪಡುವವರಾದರೆ ದಶಮಿಯ ರಾತ್ರಿಯಿಂದಲೇ ಜಾಗ ಹಿಡಿಯಿರಿ. ಗುಂಪಿನಲ್ಲಿ ಎರಡೂ ಬಗೆಯವರಿದ್ದರೆ ಒಂದೇ ನೆಲವನ್ನು ಸರದಿಯ ಮೇಲೆ ಬಳಸಬಹುದು. ನಮ್ಮ ಉಳಿತಾಯದ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ದಿಂಡಿ ಸೇರದೆ ನಡೆಯುವವರೂ ಇದ್ದಾರೆ. ಶಾಲೆಯ ವರಾಂಡ, ಗುಡಿಯ ಸಭಾಮಂಟಪ, ಊರವರ ಜಗುಲಿ, ಎಲ್ಲಿಯೂ ಇಲ್ಲವೆನ್ನುವುದಿಲ್ಲ. ಆದರೆ ಸಂಜೆ ಐದರೊಳಗೆ ಜಾಗ ಹಿಡಿಯದಿದ್ದರೆ ರಸ್ತೆಯ ಅಂಚೇ ಹಾಸಿಗೆ. ಪುಕ್ಕಟೆ ಮಲಗಿದ ಕಡೆ ಎದ್ದು ಕಸ ಗುಡಿಸಿ, ಹುಂಡಿಗೋ ಶಾಲೆಗೋ ಇಪ್ಪತ್ತು ಐವತ್ತು ಹಾಕಿ ಹೊರಡಿ. ಇದಕ್ಕೆಂದು ನನ್ನ ವಹಿಯಲ್ಲಿ ತಲೆಗೆ ಐನೂರು ಇದೆ, ದಿಂಡಿಯಲ್ಲಿ ಇರುವವರಿಗೂ ಇದೆ.

ಸಣ್ಣ ಖರ್ಚನ್ನು ಮರೆಯಬೇಡಿ. ಯಾರದೋ ಬಚ್ಚಲಿನಲ್ಲಿ ಬಿಸಿನೀರಿಗೆ ಇಪ್ಪತ್ತು ಮೂವತ್ತು, ಮೊಬೈಲ್ ಚಾರ್ಜಿಗೆ ಹತ್ತು. ದಿನಕ್ಕೆ ನಲವತ್ತರಂತೆ ಹದಿನೈದು ದಿನಕ್ಕೆ ಆರುನೂರು. ಹೆಂಗಸರು ಬಚ್ಚಲಿನ ದುಡ್ಡಿನಲ್ಲಿ ಜಿಪುಣತನ ಮಾಡಲೇಬಾರದು.

ಕೂಡಿಸಿ ನೋಡಿ: ಭಿಶಿ 4,500, ಹಾಸಿಗೆ ಸಾಮಾನು 900, ಸಾಸವಡ 1,000, ಆಪತ್ತಿನ ಪುಡಿಕೆ 1,000, ಪಂಢರಪುರ 1,200, ದಾನ 500, ಬಚ್ಚಲು ಮತ್ತು ಚಾರ್ಜು 600. ಒಟ್ಟು 9,700. ಇದರಲ್ಲಿ ದಿಂಡಿಯ ಊಟವೂ ಸೇರಿದೆ. ಪಂಢರಪುರದ ಮೂರೂ ಸೇರಿ ಪುಣೆ ಬಿಟ್ಟ ಮೇಲಿನ ಹದಿನಾರು ರಾತ್ರಿಗೆ ಭಾಗಿಸಿದರೆ ರಾತ್ರಿಗೆ ಸುಮಾರು ಆರುನೂರ ಆರು ಬರುತ್ತದೆ, ಆದರೆ ಒಂದು ರಾತ್ರಿಯಾದರೂ ಅಷ್ಟೇ ಖರ್ಚಾಗುವುದಿಲ್ಲ. ಭಿಶಿ ಮೊದಲೇ ಕಟ್ಟಿಬಿಡಿ. ಸಾಸವಡದ ಮತ್ತು ಪಂಢರಪುರದ ಮುಂಗಡ ಬ್ಯಾಂಕ್ ಮೂಲಕ ಹೋಗಲಿ, ಗುರುತಿರುತ್ತದೆ. ಉಳಿದದ್ದನ್ನು ಹತ್ತು, ಇಪ್ಪತ್ತು, ಐವತ್ತರ ನೋಟು ಮಾಡಿಸಿ ಎರಡು ಕಡೆ ಇಟ್ಟುಕೊಳ್ಳಿ. ಲಕ್ಷಾಂತರ ಜನ ಸೇರಿದ ಕಡೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಬಿಸಿನೀರಿನ ಅಜ್ಜಿಗೆ ಐನೂರರ ನೋಟು ತೋರಿಸಿದರೆ ಬಕೆಟ್ ಪಕ್ಕದವರ ಪಾಲಾಗುತ್ತದೆ.

ಮರಳುವ ಬಸ್ಸಿನ ದುಡ್ಡನ್ನು ಇದರಲ್ಲಿ ಸೇರಿಸಿಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, 65ರಿಂದ 75ರವರೆಗಿನ ಹಿರಿಯರಿಗೂ ಅರ್ಧ, 75 ದಾಟಿದವರಿಗೆ ಟಿಕೆಟ್ಟೇ ಇಲ್ಲ. ಹಿರಿಯರು ವಯಸ್ಸಿನ ಗುರುತಿನ ಚೀಟಿಯನ್ನು ಲಾರಿಯ ಗಂಟಿನಲ್ಲಿ ಹಾಕದೆ ಮೈಮೇಲೇ ಇಟ್ಟುಕೊಳ್ಳಬೇಕು. ಪಂಢರಪುರದಿಂದ ನೇರವಾಗಿ ವಿಜಯಪುರದ ಕಡೆ ಹೋಗುವವರಿಗೆ ಈ ರಿಯಾಯಿತಿ ರಾಜ್ಯದ ಗಡಿಯವರೆಗೆ ಮಾತ್ರ, ಆಚೆಗಿನ ದಾರಿಗೆ ಪೂರ್ತಿ ದುಡ್ಡು ತೆಗೆದಿಡಿ.